ಹುಲ್ಲು ಹಾಸಿದ ಬೀದಿಯಲ್ಲಿ ಆಲ್ಬಿನ್‌ನ ಗಾಡಿ

ಆಲ್ಬಿನ್ ಹ್ರೂಬಿಯನ್ನು ಹೆಡ್ಡ ಎನ್ನುವವರು ಬೇಕಾದರೆ ನನ್ನೆದುರು ಬಂದು ಹೇಳಲಿ. ಸಾವಿರದ ಒಂಬೈನೂರ ಹನ್ನೆರಡನೇ ಇಸವಿಯಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡಿನ ಗ್ಯಾರೇಜಿನಲ್ಲಿ ನಾನು ಬ್ಯಾಟರಿ ತೊಳೆದು ಪ್ಯಾಂಟೆಲ್ಲ ಆಸಿಡ್ಡಿಗೆ ತೂತು ಮಾಡಿಕೊಳ್ಳುತ್ತಿದ್ದೆ. ಶ್ರೀಮಂತ ಹೆಂಗಸರ ಕರೆಂಟು ಕಾರುಗಳನ್ನು ಬೆಳಿಗ್ಗೆ ಮನೆಗೆ ಮುಟ್ಟಿಸಿ, ಸಂಜೆ ಚಾರ್ಜಿಗೆ ವಾಪಸ್ ತರುವುದು ಆಲ್ಬಿನ್‌ನ ಕೆಲಸ.

ಆ ಸೆಪ್ಟೆಂಬರಿನಲ್ಲಿ, ಅವನು ದಿನಾ ಹಾದುಹೋಗುವ ಬೀದಿಯ ಪ್ರೆಂಟಿಸ್ ಅವರ ಪುಟ್ಟ ಮಗಳು ವಿನಿಫ್ರೆಡ್‌ಗೆ ಟೈಫಾಯ್ಡ್. ಗಾಲಿಗಳ ಸದ್ದು ಕೇಳಿಸಬಾರದೆಂದು ಮನೆ ಮುಂದಿನ ಬೀದಿಗೆಲ್ಲ ಹುಲ್ಲು ಹಾಸಿದ್ದರು. ಅಂಥ ಕಡೆ ಯಾರೂ ಗಾಡಿಯ ಗಂಟೆ ಬಾರಿಸುವುದಿಲ್ಲ. ಕುದುರೆಗಾಡಿಯಾದರೆ ಸರಪಳಿಯಾದರೂ ಕಿಣಿಕಿಣಿ ಎನ್ನುತ್ತದೆ, ಆಲ್ಬಿನ್‌ನ ಗಾಡಿಗೆ ಅದೂ ಇಲ್ಲ. ಮುಸ್ಸಂಜೆಯಲ್ಲಿ ದೀಪ ಹೊತ್ತಿದ ಗಾಜಿನ ಕೋಣೆಯೊಂದು ತಾನಾಗಿ ಬಂದು ತಾನಾಗಿ ಹೋಗುತ್ತಿತ್ತು.

ಒಂದು ದಿನ ಆ ಮನೆಯ ನರ್ಸ್ ಅವನನ್ನು ತಡೆದಳು. "ನೀನು ಬೇರೆ ಬೀದೀಲಿ ಹೋಗು ಮಾರಾಯ. ಆ ಗಾಡಿ ತನ್ನನ್ನ ದೇವರ ಹತ್ರ ಕರ್ಕೊಂಡು ಹೋಗೋಕೇ ಬರ್ತಿದೆ ಅಂತ ಮಗು ಕಿಟಕಿಯಿಂದ ನೋಡಿ ನಡುಗ್ತಾಳೆ."

ಅವನು ನಾಲ್ಕು ದಿನ ಸುತ್ತುಬಳಸಿ ಹೋದ. ಐದನೆಯ ದಿನ ಗಾಡಿಯ ಯಜಮಾನಿ ಊರೆಲ್ಲ ತಿರುಗಿ ಬ್ಯಾಟರಿ ಬರಿದು ಮಾಡಿಟ್ಟಿದ್ದಳು. ಸುತ್ತಿಕೊಂಡು ಹೋದರೆ ಗ್ಯಾರೇಜು ಮುಟ್ಟುವಂತಿರಲಿಲ್ಲ. ಒಂದೇ ಸಲ ತಾನೇ ಎಂದುಕೊಂಡು ಹುಲ್ಲಿನ ಮೇಲೆ ಗಾಡಿ ಬಿಟ್ಟ.

ಬೀದಿ ಮಧ್ಯೆ ವಿನಿಫ್ರೆಡ್ ನಿಂತಿದ್ದಳು. ಬರಿಗಾಲು, ಮಲಗುವ ಅಂಗಿ. ನರ್ಸ್ ಐಸ್ ತರಲು ಹೋದಾಗ ಇಳಿದು ಬಂದಿದ್ದಳಂತೆ. ಗಾಡಿ ನಿಂತೊಡನೆ ತಾನೇ ಬಾಗಿಲು ತೆಗೆದು ಹತ್ತಿದಳು. ಆ ಗಾಡಿಗಳಲ್ಲಿ ಓಡಿಸುವವನು ಹಿಂದೆ, ಹತ್ತಿದವರು ಅವನಿಗೆ ಎದುರಾಗಿ ಮುಂದೆ. ಅವಳು ಅವನ ಮುಖವನ್ನೇ ನೋಡುತ್ತಾ ಕೂತಳು.

"ತುಂಬ ದೂರಾನಾ?"

ಇದು ಬರೀ ಕಾರು ಎನ್ನಬಹುದಿತ್ತು. ಬಾಯಿ ಬರಲಿಲ್ಲವಂತೆ.

"ಇಲ್ಲ ಕಣಮ್ಮ, ಇಲ್ಲೇ."

"ನೋಯುತ್ತಾ?"

"ಇಲ್ಲ. ಸದ್ದೂ ಆಗಲ್ಲ, ನೋಡು."

ಅವಳ ನಡುಕ ನಿಂತಿತು. ಮೂಲೆಯವರೆಗೆ ಹೋಗಿ ತಿರುಗಿಸಿ, ಅಷ್ಟರಲ್ಲಿ ನಿದ್ದೆಹೋಗಿದ್ದವಳನ್ನು ಎತ್ತಿಕೊಂಡು ತಾಯಿಯ ಕೈಗೆ ಕೊಟ್ಟ.

ಮೂರನೆಯ ದಿನ ಹುಡುಗಿ ತೀರಿಹೋದಳು. ಬೀದಿಯ ಹುಲ್ಲು ಗುಡಿಸಿದರು. ಅದೇ ವಾರ ಮಿಸೆಸ್ ಪ್ರೆಂಟಿಸ್ ಕಪ್ಪುಡುಪಿನಲ್ಲಿ ಗ್ಯಾರೇಜಿಗೆ ಬಂದಾಗ, ಆಲ್ಬಿನ್‌ಗೆ ಗ್ರಹಚಾರ ಕಾದಿದೆ ಎಂದು ನಾನು ಕೈಲಿದ್ದ ಕೆಲಸ ಬಿಟ್ಟು ಪಕ್ಕದಲ್ಲಿ ನಿಂತೆ.

"ಕೊನೇಲಿ ಅವಳು ಹೆದರಲಿಲ್ಲ" ಎಂದರು ಆಕೆ. "ಎಲ್ಲಿವರೆಗೆ ಕರ್ಕೊಂಡು ಹೋಗಿದ್ರಿ?"

"ಮೂಲೆವರೆಗೆ ಅಷ್ಟೇ ಅಮ್ಮಾ. ತಕ್ಷಣ ವಾಪಸ್ ತಂದ್ಬಿಟ್ಟೆ."

ಆಕೆ ತಲೆಯಾಡಿಸಿದರು.

"ವಾಪಸ್ ಬಂದಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಎಚ್ಚರ ಆದಾಗೆಲ್ಲ, 'ನೀನೂ ಇಲ್ಲಿಗೆ ಬಂದ್ಯಾ ಅಮ್ಮ' ಅಂತ ಕೇಳ್ತಿದ್ಲು."