ಬ್ಯಾಂಕಾಕಿಗೆ ನಾಲ್ಕನೆಯವರು

ನಾನು ಬ್ಯಾಂಕಾಕ್ ನೋಡಿಲ್ಲ. ಆದರೆ ಅದು ನನಗೆ ಆಗಲೇ ಸಾಕಾಗಿಹೋಗಿದೆ. ಅಲ್ಲಿಯ ನದಿ, ದೋಣಿಗಳ ಮೇಲಿನ ಸಂತೆ, ಬಣ್ಣ ಬಳಿದ ಆಟೋಗಳು, ಗಾಜಿನ ಗೋಡೆಯಾಚೆ ಬಾಯಿ ತೆರೆದು ನಿಂತ ಮೀನುಗಳು, ಇವೆಲ್ಲ ನನ್ನ ಮೊಬೈಲಿನಲ್ಲಿ ಎಷ್ಟು ಸಲ ಹಾದು ಹೋಗಿವೆಯೆಂದರೆ, ಆಳಂದದ ಬಸ್ ನಿಲ್ದಾಣದ ಹಿಂದಿನ ಗಲ್ಲಿಗಿಂತ ಅವೇ ನನಗೆ ಹೆಚ್ಚು ಪರಿಚಯ. ಒಮ್ಮೊಮ್ಮೆ ಆ ನದಿಯ ವಾಸನೆಯೂ ನೆನಪಾಗುತ್ತದೆ. ಹೋಗದ ಊರಿನ ವಾಸನೆ ನೆನಪಾಗುವ ಮನುಷ್ಯನ ಉಳಿದ ನೆನಪುಗಳನ್ನು ಎಷ್ಟು ನಂಬಬೇಕೆಂದು ನೀವೇ ತೀರ್ಮಾನಿಸಿಕೊಂಡು ಮುಂದೆ ಓದಿ.

ಈ ಪ್ರವಾಸದ ಹುಚ್ಚು ಮೊದಲು ಹಿಡಿದದ್ದು ಯಾರಿಗೆ ಎಂಬುದಕ್ಕೆ ನಮ್ಮ ಮನೆಯಲ್ಲಿ ಬೇರೆಬೇರೆ ಇತಿಹಾಸಗಳಿವೆ. ನನ್ನ ಹೆಂಡತಿ ಮಹಾದೇವಿಯ ಪ್ರಕಾರ ನನಗೆ. ನನ್ನ ಪ್ರಕಾರ ಜೇವರ್ಗಿಯಲ್ಲಿರುವ ನನ್ನ ಅಕ್ಕ ಶರಣಮ್ಮನಿಗೆ. ಅಕ್ಕನ ಪ್ರಕಾರ ಅವಳ ಎದುರು ಮನೆಯವರಿಗೆ. ಅವರು ಅಲ್ಲಿಗೆ ಹೋಗಿ ಬಂದು ಆನೆಯ ಚಿತ್ರವಿರುವ ಪರ್ಸುಗಳನ್ನು ಓಣಿಗೆಲ್ಲ ಹಂಚಿದರಂತೆ; ಅಕ್ಕನ ಪಾಲಿಗೆ ಮಾತ್ರ ಒಂದು ಕೀಚೈನು ಬಂತಂತೆ. ಮನುಷ್ಯರು ಕಡಲು ದಾಟಲು ಇದಕ್ಕಿಂತ ಗಂಭೀರವಾದ ಕಾರಣ ಎಂದಾದರೂ ಇತ್ತೋ ಇಲ್ಲವೋ ನಾನರಿಯೆ.

ಕಲಬುರಗಿಯ ಒಬ್ಬ ಟ್ರಾವೆಲ್ ಏಜೆಂಟನ ಬಳಿ ಹೋದೆವು. ಹಿಂದೆ ಪಂಢರಪುರ, ತುಳಜಾಪುರಕ್ಕೆ ಜೀಪು ಬಿಡುತ್ತಿದ್ದ ಆಸಾಮಿ. ಈಗ ಅದೇ ದನಿಯಲ್ಲಿ ಬ್ಯಾಂಕಾಕ್ ಎಂದು ಕೂಗುತ್ತಾನೆ. ಕುರ್ಚಿಗೆ ಮಾತ್ರ ಗಾಲಿ ಬಂದಿವೆ.

“ಊಟ ನಮ್ದೇ ಇರ್ತದ್ರಿ ಸಾಹೇಬ್ರ. ದಾಲು, ಚಪಾತಿ, ಮಜ್ಜಗಿ. ಗೈಡ್ ಹಿಂದಿ ಮಾತಾಡ್ತಾನ. ಹೊಟೇಲ್ ತುಂಬ ನಮ್ಮ ಮಂದೀನೇ. ಫಾರಿನ್‌ಗೆ ಬಂದೀವಿ ಅಂತ ನಿಮಗ ಅನಸೂದೇ ಇಲ್ಲ!”

ಇದನ್ನು ಅವನು ಹೆಮ್ಮೆಯಿಂದ ಹೇಳಿದ. ಅಕ್ಕ ಹೆಮ್ಮೆಯಿಂದ ಕೇಳಿದಳು. ಹೋದೆವೆಂದು ಅನಿಸದಿರಲು ಹೈದರಾಬಾದಿನಿಂದ ವಿಮಾನ ಹತ್ತಬೇಕಾಗಿಲ್ಲ, ಮನೆಯಲ್ಲಿಯೇ ಆ ಸೌಲಭ್ಯವಿದೆ ಎಂದೆ. ಅಕ್ಕ ಖಡಕ್ ರೊಟ್ಟಿ ಎಷ್ಟು ಒಯ್ಯಬಹುದೆಂದು ಏಜೆಂಟನನ್ನು ಕೇಳುತ್ತಿದ್ದಳು. ಶೇಂಗಾ ಹಿಂಡಿಯ ಚಟ್ನಿಪುಡಿಗೆ ವಿಮಾನದವರು ಏನೂ ಅನ್ನುವುದಿಲ್ಲ ಎಂದು ಅವನು ಆಣೆ ಮಾಡಿದ.

ಬ್ಯಾಂಕಾಕಿನ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಹಳೆಯ ಬೌದ್ಧ ಕಥೆಗಳಲ್ಲಿ ವ್ಯಾಪಾರಿಗಳು ಸುವರ್ಣಭೂಮಿಗೆಂದು ಹಡಗು ಹತ್ತುತ್ತಾರೆ, ನಡುನೀರಿನಲ್ಲಿ ಹಡಗು ಒಡೆಯುತ್ತದೆ, ಹಲಗೆ ಹಿಡಿದು ತೇಲುತ್ತಾರೆ. ಅವರಿಗೆ ನಮ್ಮ ಏಜೆಂಟನಂತೆ ಮೂರು ರಾತ್ರಿ ನಾಲ್ಕು ಹಗಲು ಎಂದು ಯಾರೂ ಹೇಳಿ ಕಳಿಸಿರಲಿಲ್ಲ. ಮುಳುಗುವ ಸ್ವಾತಂತ್ರ್ಯವಾದರೂ ಇತ್ತು. ನಮಗೆ ಅದೂ ಇಲ್ಲ. ಬೆಳಿಗ್ಗೆ ಎಲ್ಲಿ ಬೆರಗಾಗಬೇಕು, ಮಧ್ಯಾಹ್ನ ಯಾವ ಸೇತುವೆಯ ಮೇಲೆ ಹೆಂಡತಿಯ ಭುಜದ ಮೇಲೆ ಕೈಯಿಟ್ಟು ನಗಬೇಕು, ಎಲ್ಲವೂ ನಿಗದಿ. ಪ್ರವಾಸದವರು ನಮಗೆ ಮಾರುವುದು ಊರನ್ನಲ್ಲ, ಮುಂದೆ ನೆನಪು ಮಾಡಿಕೊಳ್ಳಬೇಕಾದದ್ದನ್ನು. ಹೋಗುವ ಮೊದಲೇ ಅದು ತಯಾರಾಗಿ, ಇಸ್ತ್ರಿಯಾಗಿ, ಮಡಿಕೆ ಬಿದ್ದು ಕೂತಿರುತ್ತದೆ. ನಾವು ಹೋಗಿ ತೊಟ್ಟುಕೊಂಡು ಬರುವುದಷ್ಟೇ. ಭೀಮೆಯ ದಂಡೆಯ ಸನ್ನತಿ ಇಲ್ಲೇ ನಮ್ಮ ಜಿಲ್ಲೆಯಲ್ಲಿದೆ. ಅಲ್ಲಿ ಮಣ್ಣಿನಿಂದೆದ್ದ ಬೌದ್ಧ ಶಿಲೆಗಳಿವೆ. ಅಲ್ಲಿಗೆ ನಾನು ಹೋಗಿದ್ದೇನೆಯೇ? ಹೋದ ಹಾಗೆ ನೆನಪು. ಮಹಾದೇವಿ ಇಲ್ಲ ಎನ್ನುತ್ತಾಳೆ.

ನಾವು ಮೂವರು. ಅದೇ ತೊಡಕಾಯಿತು. ಏಜೆಂಟನಿಗೆ ಮೂರು ಎಂದರೆ ಒಂದು ಕೋಣೆ, ಮೇಲೊಂದು ಹೆಚ್ಚಿನ ಹಾಸಿಗೆ, ಅದಕ್ಕೆ ಬೇರೆ ದರ; ನಾಲ್ವರಾದರೆ ಎರಡು ಕೋಣೆ, ತಲಾ ಖರ್ಚು ಇಳಿಯುತ್ತದೆ. ಅಕ್ಕನ ತಕರಾರು ಇನ್ನೂ ಹಳೆಯದು.

“ತೀನ್ ತಿಗಾಡಾ, ಕಾಮ್ ಬಿಗಾಡಾ! ಮೂರ್ ಮಂದಿ ಕೂಡಿ ಹೊಸ್ತಿಲಾ ದಾಟಬಾರದು ತಮ್ಮಾ. ನಿನಗ ಅಷ್ಟೂ ತಿಳೀದಿಲ್ಲ, ಸಾಲಿ ಹೆಂಗ ಕಲಿಸಿದಿ?”

ಬಸವಣ್ಣನವರ ದಾರಿಯವರು ನಾವು. ಅಕ್ಕನ ಪಡಸಾಲೆಯ ಗೋಡೆಯ ಮೇಲೆ ವಚನ ಚೌಕಟ್ಟಿನೊಳಗಿದೆ. ಗಾಜು ಗಟ್ಟಿಯಾಗಿದೆ. ಅದು ಈವರೆಗೆ ಹೊರಗೆ ಬಂದು ಆ ಮನೆಯ ಯಾರನ್ನೂ ಕಚ್ಚಿಲ್ಲ. ನಾನು ಇದನ್ನೆಲ್ಲ ಹೇಳಿ ವಾದಿಸಬಹುದಿತ್ತು. ಆದರೆ ಮೂಢನಂಬಿಕೆಯೂ ಜಿಪುಣತನವೂ ಕೂಡಿ ಒಂದೇ ಉತ್ತರ ಕೊಟ್ಟಾಗ ಅದರ ಮುಂದೆ ಯಾವ ವಿಚಾರವಾದಿ ನಿಂತಾನು? ನಾಲ್ಕನೆಯವರನ್ನು ಹುಡುಕಿದೆವು.

ಸಿಕ್ಕವರು ಸುಜಾತಾ ಟೀಚರು. ಅಫಜಲಪುರದ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ ವಿಜ್ಞಾನ ಕಲಿಸುತ್ತಿದ್ದವರು; ನನ್ನಂತೆಯೇ ನಿವೃತ್ತರು. ಅತನೂರಿನ ಬೌದ್ಧ ಮನೆತನ. ನಮ್ಮಲ್ಲಿ ಬ್ಯಾಂಕಾಕಿಗೆ ಹೋಗಲು ಒಂದು ಕಾರಣವಿದ್ದವರು ಅವರೊಬ್ಬರೇ. ಫೋನಿನಲ್ಲಿ ಕೇಳಿದ ಕೂಡಲೇ ಹೇಳಿದರು:

“ಸರ್, ನಮ್ಮ ಮನ್ಯಾಗ ಬುದ್ಧ ಕೂತಾನ. ವಿಹಾರದಾಗ ಕೂತಾನ. ಕ್ಯಾಲೆಂಡರ್‌ನಾಗೂ ಕೂತಾನ. ನಮ್ಮವ್ವ ಜೀವ ಇರೋತನಾ ಮಂದಿ ಹೊಲದಾಗ ದುಡದಾಕಿ. ಸಂಜೀಕ ಬಂದು ಫೋಟೋ ನೋಡಿ ಕೇಳ್ತಿದ್ಲು, ಇಂವಾ ಬೆನ್ನು ಯಾವಾಗ ನೆಲಕ್ಕ ಹಚ್ಚತಾನ ಅಂತ. ಬ್ಯಾಂಕಾಕ್‌ನಾಗ ಮಲಗ್ಯಾನಂತ್ರಿ, ಇಷ್ಟುದ್ದ. ಒಮ್ಮೆ ನೋಡ್ಕೊಂಡು ಬರಬೇಕು. ಮತ್ತೇನೂ ಬ್ಯಾಡ. ನೀವು ಎಲ್ಲೇ ತಿರಗ್ರಿ, ನನ್ನನ್ನ ಮುಂಜಾನಿ ಅಲ್ಲಿ ಬಿಟ್ಟು ಸಂಜೀಕ ಕರಕೊಂಡು ಹೋಗ್ರಿ.”

ಏಜೆಂಟನ ಯೋಜನೆಯಲ್ಲಿ ಮಲಗಿದ ಬುದ್ಧನಿಗೆ ಅರ್ಧ ಗಂಟೆ, ರತ್ನದ ಅಂಗಡಿಗೆ ಅರ್ಧ ದಿನ. ನಾನು ಎರಡನ್ನೂ ಅದಲುಬದಲು ಮಾಡಿಸುತ್ತೇನೆಂದು ಮಾತು ಕೊಟ್ಟೆ.

ಮುಂಗಡ ಕಟ್ಟುವ ಮೊದಲು ಒಂದು ಭಾನುವಾರ ಎಲ್ಲರೂ ಆಳಂದದ ನಮ್ಮ ಮನೆಯಲ್ಲಿ ಸೇರಿದೆವು. ನಾನೂ ಮಹಾದೇವಿಯೂ ಒಂದು ಕೋಣೆ, ಅಕ್ಕ ಮತ್ತು ಟೀಚರು ಇನ್ನೊಂದು ಎಂದು ಏಜೆಂಟ್ ಬರೆದಿದ್ದ. ಅಕ್ಕ ಅದನ್ನು ಕೇಳಿ ಚಾದ ಬಸಿಯನ್ನು ಕೆಳಗಿಟ್ಟಳು.

“ಅಲ್ರಿ ಟೀಚರ, ಮುಂಜಾನೆ ನಂದು ಲಿಂಗಪೂಜಾ ಇರ್ತದ. ನಿಮಗ ಸುಮ್ನ ತ್ರಾಸ.”

“ನನಗೇನ್ ತ್ರಾಸ್ರಿ ಅಕ್ಕಾ? ನೀವು ಪೂಜಾ ಮಾಡ್ರಿ, ನಾ ಮುಸುಕು ಹಾಕ್ಕೊಂಡು ಮಲಗಿರ್ತೇನಿ.”

“ಹಂಗಲ್ಲ. ರೊಟ್ಟಿ ಬುತ್ತಿ ಅದೇ ಖೋಲ್ಯಾಗ ಇರ್ತದ, ಮೈತೊಳಿಯೂದು ಅಲ್ಲೇ... ನಮ್ಮ ರೀತಿನೇ ಬ್ಯಾರೆ, ನಿಮ್ಮ ರೀತಿನೇ ಬ್ಯಾರೆ. ಮಹಾದೇವಿ ನನ್ನ ಜೋಡಿ ಇರ್ಲಿ.”

ಅಕ್ಕ ಹೇಳಿದ್ದು ಏನೆಂದು ಎಲ್ಲರಿಗೂ ತಿಳಿದಿತ್ತು. ಈ ಸೀಮೆಯಲ್ಲಿ ಅದನ್ನು ಬಿಡಿಸಿ ಹೇಳಬೇಕಾದ ಅಗತ್ಯ ಯಾರಿಗೂ ಬರುವುದಿಲ್ಲ. ನಮ್ಮ ಸಭ್ಯತೆ ಅಷ್ಟು ಮುಂದುವರಿದಿದೆ. ಮೊದಲು ನಕ್ಕವರು ಟೀಚರೇ.

“ಮಹಾದೇವಿಯವರು ನಿಮ್ಮ ಜೋಡಿ ಬಂದ್ರ ಉಳಿಯೋರು ಸರ್ ಮತ್ತ ನಾ ಅಷ್ಟೇ ನೋಡ್ರಿ. ಸ್ಟಾಫ್ ರೂಮಿನಾಗ ಅವರ ಗೊರಕಿ ಬಾಳ ವರ್ಷ ಕೇಳೀನಿ. ಇನ್ ಒಲ್ಲೆ.”

“ಯವ್ವಾ, ನಾಲ್ಕ್ ಮಂದಿ ಆಗಬೇಕಿತ್ತು ಅಂತ ನಿಮ್ಮನ್ನ ಕೇಳಿದ್ವಿ,” ಎಂದಳು ಅಕ್ಕ, ತಾನು ಸಮಾಧಾನ ಹೇಳುತ್ತಿದ್ದೇನೆಂದು ತಿಳಿದು. “ಮೂರು ಛಲೋ ಅಲ್ಲಲ್ಲ.”

ಟೀಚರು ಸೆರಗು ಸರಿಮಾಡಿಕೊಂಡು ಎದ್ದರು. “ಅದಕ್ಕ ಮನಶಾ ಯಾಕ ಬೇಕ್ರಿ ಅಕ್ಕಾ? ಹಾದ್ಯಾಗಿನ ಒಂದು ಹರಳು ಕಿಸೆದಾಗ ಇಟ್ಕೊಂಡ್ರ ನಾಲ್ಕನೇದು ಆಗ್ತದಂತಾರ. ಅದಕ್ಕ ಟಿಕೆಟ್ಟೂ ಬ್ಯಾಡ, ಖೋಲೀನೂ ಬ್ಯಾಡ. ರೊಟ್ಟಿನೂ ಮುಟ್ಟಂಗಿಲ್ಲ.”

ಆಗ ನಾನು ಎದ್ದು ನಿಂತು ಅಕ್ಕನಿಗೆ ಖಾರವಾದ ಎರಡು ಮಾತು ಹೇಳಿದೆ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಸ್ಪಷ್ಟವಾಗಿ ನೆನಪಿರುವುದು ಅದೇ. ನಾನು ಇನ್ನಷ್ಟು ಸಕ್ಕರೆ ಕೇಳಿದೆ ಎಂಬುದು ಮಹಾದೇವಿಯ ನೆನಪು. ಸ್ಪಷ್ಟವಾದ ನೆನಪು, ಚೆನ್ನಾಗಿ ಬೆಳಕು ಬಿದ್ದ ಫೋಟೋದ ಹಾಗೆ. ಯಾರೋ ನಿಲ್ಲಿಸಿ ತೆಗೆದಿರುತ್ತಾರೆ. ಹಾಗಾಗಿ ಇಲ್ಲಿ ಸಕ್ಕರೆಯನ್ನೇ ಇಟ್ಟುಕೊಳ್ಳಿ.

ಖಾರದ ಮಾತು ಹೇಳಿದವಳು ಮಹಾದೇವಿ, ಅದಕ್ಕೆ ಸಾಕ್ಷಿಗಳಿದ್ದಾರೆ. ಟೀಚರನ್ನು ಬಸ್ಸಿನವರೆಗೆ ಬಿಟ್ಟು ಬಂದು, ಚಪ್ಪಲಿ ಬಿಡುವ ಮೊದಲೇ ಅಂದಳು: “ಅಕ್ಕಾರ, ನಿಮ್ಮ ಜೋಡಿ ನಾ ಬ್ಯಾಂಕಾಕ್ ಬಿಡ್ರಿ, ನಿಮ್ಮೂರ ಬಾಜೂಕಿನ ಯಡ್ರಾಮಿಗೂ ಬರಂಗಿಲ್ಲ.” ಅಲ್ಲಿಗೆ ನಮ್ಮ ಪ್ರವಾಸ ಮುಗಿಯಿತು. ಅಗ್ಗದ ಪ್ರವಾಸಗಳಲ್ಲಿ ಇಷ್ಟು ಅಗ್ಗದ್ದು ಇನ್ನೊಂದಿಲ್ಲ. ಎಲ್ಲಿಗೂ ಹೋಗಲಿಲ್ಲ. ಹೋಗಿ ಬಂದವರು ಜಗಳವಾಡುವಷ್ಟು ಜಗಳವಾಡಿದೆವು, ದಣಿವೂ ಆಯಿತು. ಅಕ್ಕನಿಗೆ ಲೋಕವೆಂಬುದು ತನ್ನ ಖೋಲಿಯೊಳಗೆ ಹಿಡಿಸದ ಮಂದಿ, ನನಗೆ ಲೋಕವೆಂಬುದು ನಾನು ಮೂಗು ಮುರಿಯಲು ಹಾಕಿಟ್ಟ ಪ್ರದರ್ಶನ. ಇಬ್ಬರಿಗೂ ಪಾಸ್‌ಪೋರ್ಟ್ ಕೊಟ್ಟ ಸರ್ಕಾರದ ಉದಾರತೆ ದೊಡ್ಡದು.

ಟೀಚರು ಹೋಗುವುದು ಬಿಟ್ಟಿರಬೇಕೆಂದುಕೊಂಡಿದ್ದೆ. ಒಬ್ಬರಿಗೆ ಖರ್ಚು ಹೆಚ್ಚು, ಮೊಣಕಾಲು ನೋವು ಬೇರೆ. ಕೇಳುವ ಧೈರ್ಯ ಬರಲಿಲ್ಲ. ಬೇಸಿಗೆ ಕಳೆದ ಮೇಲೆ ಒಂದು ದಿನ ಅವರೇ ಬಂದರು, ಕೈಯಲ್ಲಿ ಹುಣಸೆಯ ಮಿಠಾಯಿಯ ಪೊಟ್ಟಣ. ಅಂದು ಅಕ್ಕನೂ ಇದ್ದಳು, ಮಹಾದೇವಿಯ ಕೂಡ ರಾಜಿಯಾಗಲು ಬಂದು ಬೆಳಗಿನಿಂದ ದಾರಿ ಹುಡುಕುತ್ತಿದ್ದಳು. ಟೀಚರು ಅವಳಿಗೂ ಮಿಠಾಯಿ ಕೊಟ್ಟರು. ಅಕ್ಕ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಾಯಿಗೆ ಹಾಕಿಕೊಂಡಳು. ಇದು ಹೃದಯ ಪರಿವರ್ತನೆಯೆಂದು ನಾನು ಬರೆಯಲಾರೆ. ಹುಣಸೆ ಅವಳಿಗೆ ಮೊದಲಿನಿಂದಲೂ ಇಷ್ಟ.

“ಒಬ್ಬಾಕೀನೇ ಹೋಗಿದ್ರಿ?” ಎಂದು ಮಹಾದೇವಿ ಕೇಳಿದಳು.

“ಹೌದ್ರಿ. ಗುಡಿ ಹತ್ರನೇ ಸಣ್ಣ ಖೋಲಿ. ಸಂತಿ ನೋಡ್ಲಿಲ್ಲ, ಮೀನ ನೋಡ್ಲಿಲ್ಲ. ದಿನಾ ಹೋಗಿ ಅವನ ಮುಂದನ ಕೂಡ್ತಿದ್ದೆ. ಒಮ್ಮೆ ಕಂಬಕ್ಕ ಒರಗಿದಾಕಿಗೆ ಕಣ್ಣು ಹತ್ತಿಬಿಡ್ತು. ಕಾವಲಿನವ ಬಂದು ಎಬ್ಬಿಸಿದ. ಅಲ್ಲಿ ಮಲಗಾಕ ಒಬ್ಬಗ ಅಷ್ಟೇ ಪರ್ಮಿಷನ್ ಅದ ನೋಡ್ರಿ.” ನಕ್ಕರು. “ಖರೇನೇ ನೆಲಕ್ಕ ಮೈ ಹಚ್ಯಾನ್ರಿ. ಅವ್ವ ಇದ್ದಿದ್ರ ಅಲ್ಲೇ ಬಾಜೂಕ ಚಾಪಿ ಹಾಸ್ತಿದ್ಲು.”

ಫೋಟೋ ತೋರಿಸಿ ಎಂದೆವು. ಒಂದೇ ಒಂದಿತ್ತು. ಮೊಬೈಲು ಮಹಾದೇವಿಯಿಂದ ನನಗೆ, ನನ್ನಿಂದ ಅಕ್ಕನಿಗೆ ಹೋಯಿತು. ತೆರೆಯ ತುಂಬ ಎರಡು ದೊಡ್ಡ ಅಂಗಾಲುಗಳು, ಅವುಗಳ ಮೇಲೆ ಮುತ್ತಿನ ಚಿಪ್ಪಿನ ಕುಸುರಿ. ಅದರಾಚೆ ಕಂಬಗಳು, ಬಂಗಾರದ ಮಸುಕು.

“ಮುಖ ಎಲ್ಲದ ಇದರಾಗ?” ಎಂದಳು ಅಕ್ಕ. ಕನ್ನಡಕ ಮೇಲಕ್ಕೇರಿಸಿ, ಪಾದಗಳ ಮೇಲೆ ಬೆರಳಿಟ್ಟು ಚಿತ್ರವನ್ನು ಪಕ್ಕಕ್ಕೆ ಸರಿಸಿದಳು. ಉಳಿದ ಬುದ್ಧ ಬರಬಹುದೆಂದು ಕಾದಳು. ಬರಲಿಲ್ಲ. ಇನ್ನೊಮ್ಮೆ ಸರಿಸಿದಳು.

“ಹಂಗ ಬರಂಗಿಲ್ರಿ ಅಕ್ಕಾ,” ಎಂದರು ಸುಜಾತಾ ಟೀಚರು. “ಬಾಳ ಉದ್ದ ಅದಾನ. ಮುಖದತನಾ ನಾವೇ ನಡಕೊಂಡು ಹೋಗಬೇಕು.”