ಹೊರಗಿನ ಲೈನು

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿದ್ದ ಖಾಸಗಿ ಎರಕದ ಕಾರ್ಖಾನೆಯೊಂದರಲ್ಲಿ ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ. ತೊಂಬತ್ತರ ದಶಕದಲ್ಲಿ ಸೇರಿದಾಗ ಇಡೀ ಕಾರ್ಖಾನೆಗೆ ಹೊರಗಿನ ಲೈನು ಇದ್ದದ್ದು ಮೂರೇ. ಇಂಟರ್‌ಕಾಮಿನಲ್ಲಿ ಒಳಗಿನವರು ಒಳಗಿನವರ ಜೊತೆ ಎಷ್ಟು ಬೇಕಾದರೂ ಮಾತಾಡಬಹುದಿತ್ತು. ಮನೆಗೆ ಮಾತಾಡಬೇಕೆಂದರೆ ನನ್ನನ್ನು ಕೇಳಬೇಕು.

"ಖಾಸಗಿ ಕರೆಗಳಿಗೆ ಕಾರ್ಖಾನೆಯ ಲೈನು ಕೊಡತಕ್ಕದ್ದಲ್ಲ" ಎಂದು ಸುತ್ತೋಲೆ ಹೊರಡಿಸಿದವರು ನಮ್ಮ ಆಡಳಿತಾಧಿಕಾರಿ. ಮೌಲ್ಡಿಂಗ್ ವಿಭಾಗದ ತಮಿಳು ಕೆಲಸಗಾರನೊಬ್ಬ ಬಾಣಂತಿ ಹೆಂಡತಿಯನ್ನು ವಿಚಾರಿಸಬೇಕೆಂದು ಬಂದಾಗಲೂ, "ಸಂಜೆ ಮನೆಗೇ ಹೋಗ್ತೀಯಲ್ಲಪ್ಪ, ಆಗ ಕೇಳು" ಎಂದು ಕಳಿಸಿದ್ದರು.

ನನಗೆ ಇಪ್ಪತ್ತಾರು ತುಂಬಿದ ವರ್ಷ ನನ್ನ ಸೋದರತ್ತೆ ಹೊಳಲೂರಿನ ಒಂದು ಸಂಬಂಧ ತಂದರು. ಹುಡುಗ ಮೇಷ್ಟರು. ನೋಡುವ ಶಾಸ್ತ್ರ ಮುಗಿದು, ಇಬ್ಬರಿಗೂ ಒಪ್ಪಿಗೆಯಾಗಿ, ನಿಶ್ಚಿತಾರ್ಥದ ದಿನ ಹುಡುಕುತ್ತಿದ್ದಾಗ ಅವರ ಕಡೆಯಿಂದ ಸುದ್ದಿಯೇ ನಿಂತುಹೋಯಿತು. ಯಾಕೆಂದು ಹೇಳಲಿಲ್ಲ. ನನ್ನ ಬಣ್ಣವಿರಬೇಕು, ಹಲ್ಲಿರಬೇಕು ಎಂದು ಕನ್ನಡಿ ನೋಡಿಕೊಂಡು ಅತ್ತಿದ್ದೇನೆ.

ಎರಡು ವರ್ಷದ ಮೇಲೆ ಕುಂಸಿಯಲ್ಲಿ ಒಂದು ನಾಮಕರಣದ ಊಟಕ್ಕೆ ಹೋಗಿದ್ದ ಅತ್ತೆಗೆ ಹುಡುಗನ ಸೋದರಮಾವ ಸಿಕ್ಕಿ ಬಾಯಿಬಿಟ್ಟರು. ಹುಡುಗಿ ಹೇಗೆಂದು ವಿಚಾರಿಸಲು ಅವರು ಕಾರ್ಖಾನೆಗೆ ಫೋನ್ ಮಾಡಿದ್ದರಂತೆ. ನಾನು ಊಟಕ್ಕೆ ಎದ್ದು ಹೋಗಿದ್ದೆ. ಟೆಲಿಫೋನ್ ಬೋರ್ಡಿನ ಪಕ್ಕದಲ್ಲಿದ್ದ ಆಡಳಿತಾಧಿಕಾರಿಯೇ ಫೋನ್ ಎತ್ತಿ, "ಆ ಹುಡುಗೀನಾ? ದಿನವಿಡೀ ಕಂಡಕಂಡ ಗಂಡಸರ ಹತ್ರ ಮಾತಾಡೋದೇ ಅವಳ ಕೆಲಸ" ಎಂದು ನಕ್ಕರಂತೆ.

ಅತ್ತೆ ಇದನ್ನು ಹೇಳಿದ ಮಾರನೆಯ ದಿನ ಆಡಳಿತಾಧಿಕಾರಿ ನನ್ನ ಮುಂದೆ ಬಂದು "ಹೆಡ್ ಆಫೀಸಿಗೆ ಲೈನ್ ಕೊಡಮ್ಮ" ಎಂದರು. ಕೊಟ್ಟೆ. ಮುಂದೆ ಮೂವತ್ತೊಂದಕ್ಕೆ ನನಗೆ ಮದುವೆಯಾಯಿತು, ಗಂಡ ಒಳ್ಳೆಯವರು. ಆದರೆ ಅವರು ಒಳ್ಳೆಯವರಾಗಿದ್ದು ಆಡಳಿತಾಧಿಕಾರಿಯ ದಯೆಯಿಂದಲ್ಲ. ಆ ಸಿಟ್ಟು ಒಂದು ಚೂರೂ ಆರಲಿಲ್ಲ.

ಎರಡು ಸಾವಿರದ ಇಸವಿಯ ಈಚೆಗೆ ಕಾರ್ಖಾನೆ ತನ್ನ ಸಿಬ್ಬಂದಿಗೆ ಮೊಬೈಲ್ ಕೊಟ್ಟಿತು. ಎಲ್ಲ ಸಿಮ್ಮುಗಳೂ ಸೇರಿ ಒಂದು ಗುಂಪು. ಗುಂಪಿನೊಳಗೆ ಯಾರ ಜೊತೆಯಾದರೂ ಮಾತಾಡಬಹುದು. ಹೊರಗಿನ ನಂಬರಿನಿಂದ ಕರೆ ಬರಲು, ಹೊರಗೆ ಹೋಗಲು ಬೇರೆಯೇ ಅನುಮತಿ ಬೇಕು. ಯಾರಿಗೆ ಏನೆಂದು ಪಟ್ಟಿ ಮಾಡುವ ಕೆಲಸ ನನಗೆ ಬಂತು. ಆಡಳಿತಾಧಿಕಾರಿಯ ಹೆಸರಿನ ಮುಂದೆ 'ಗುಂಪಿಗೆ ಮಾತ್ರ' ಎಂದು ಬರೆದೆ. ಹೊಸದಾಗಿ ಬಂದಿದ್ದ ಮ್ಯಾನೇಜರು ಪಟ್ಟಿಗೆ ಸಹಿ ಹಾಕಿದರು.

ಮೂರೇ ದಿನಕ್ಕೆ ಆಡಳಿತಾಧಿಕಾರಿ ನನ್ನ ಕಿಟಕಿಯ ಹತ್ತಿರ ಬಂದರು.

"ಏನಮ್ಮಾ, ನನ್ನ ಫೋನಿಂದ ಮನೆಗೆ ಹೋಗ್ತಾನೇ ಇಲ್ಲ. ಅಲ್ಲಿಂದ್ಲೂ ಬರ್ತಿಲ್ಲ."

"ನಿಮಗೆ ಗುಂಪಿನೊಳಗೆ ಮಾತ್ರ ಸರ್."

"ನಂಗೇನಾ?"

"ಅರ್ಜಿ ಬರ್ಕೊಡಿ. ಯಾರ ನಂಬರು, ಏನು ಸಂಬಂಧ, ಯಾಕೆ ಮಾತಾಡ್ಬೇಕು, ಎಲ್ಲ ಬರೀರಿ."

ಬರೆದುಕೊಟ್ಟರು. ಗೇಟ್ ಪಾಸಿಗೆ ನಿಂತಿದ್ದವರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ: "ಹೆಂಡತಿ, ಔಷಧಿ ನೆನಪಿಸಲು. ಮಗಳು, ಹುಬ್ಬಳ್ಳಿ, ಗಂಡನ ಮನೆಯಲ್ಲಿ ತೊಂದರೆ." ಅವರ ಮುಖ ಕೆಂಪಾಯಿತು. ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಅಕ್ಷರ ಸರಿಯಿಲ್ಲ, ನಂಬರು ಬಿಟ್ಟಿದ್ದೀರಿ ಎಂದು ಎರಡು ಸಲ ವಾಪಸ್ ಕಳಿಸಿದೆ. ಮೂರನೆಯ ಸಲ, ಅವರದೇ ಹಳೆಯ ಸುತ್ತೋಲೆಯನ್ನು ಕಡತದಿಂದ ತೆಗೆದು ಅರ್ಜಿಯ ಜೊತೆ ಪಿನ್ ಮಾಡಿ ಮ್ಯಾನೇಜರ ಮೇಜಿಗೆ ಇಟ್ಟೆ.

ಮ್ಯಾನೇಜರು ಅವರನ್ನು ಕರೆಸಿ, "ಇದು ನಿಮ್ಮದೇ ಸಹಿ ಅಲ್ವಾ?" ಎಂದು ಕೇಳಿದರು. ಅರ್ಜಿ ಅಲ್ಲಿಗೆ ಮುಗಿಯಿತು.

ಸಂಜೆ ಬಸ್ಸಿಗೆ ಕಾಯುತ್ತಿದ್ದ ನನ್ನ ಹತ್ತಿರ ಆಡಳಿತಾಧಿಕಾರಿ ಬಂದು ಕೇಳಿದರು: "ನನ್ನ ಮೇಲೆ ಏನು ಹಗೆ ಮಾರಾಯ್ತಿ ನಿಂಗೆ?"

ಹೇಳಿದೆ. ಹೊಳಲೂರು, ಮೇಷ್ಟರು, ಫೋನು, ಎಲ್ಲ ಹೇಳಿದೆ. ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು.

"ಹಾಗಂದಿದ್ನಾ? ತಮಾಷೆಗೆ ಅಂದಿರ್ಬೇಕು. ನೆನಪೇ ಇಲ್ಲಮ್ಮ."

ತಪ್ಪಾಯಿತು ಎಂದು ಒಂದು ಮಾತು ಬಂದಿದ್ದರೆ ಮರುದಿನವೇ ಅವರ ಲೈನು ಬಿಡಿಸುತ್ತಿದ್ದೆನೇನೋ. ಅವರಿಗೆ ನೆನಪೂ ಇರಲಿಲ್ಲ! ನಾನು ಎರಡು ವರ್ಷ ಕನ್ನಡಿಯ ಮುಂದೆ ಅತ್ತಿದ್ದು ಅವರಿಗೆ ಒಂದು ನಿಮಿಷದ ನಗು.

ಲೈನು ಬಿಡಿಸಲಿಲ್ಲ. ಸ್ವಂತಕ್ಕೊಂದು ಮೊಬೈಲ್ ಕೊಳ್ಳಲೂ ಅವರು ಒಪ್ಪಲಿಲ್ಲ, ಕಾರ್ಖಾನೆಯದರಲ್ಲೇ ಲೈನು ಕೊಡಬೇಕು ಎಂದು ಹಟ. ಹಾಗಾಗಿ ಮಧ್ಯಾಹ್ನ ಗೇಟಿನಾಚೆ ಚಹಾ ಅಂಗಡಿಯ ಕಾಯಿನ್ ಫೋನಿಗೆ, ಗುತ್ತಿಗೆ ಕೆಲಸಗಾರರ ಹಿಂದೆ ಬಿಸಿಲಲ್ಲಿ ಸಾಲು ನಿಲ್ಲುತ್ತಿದ್ದರು. ಮಗಳ ಜೊತೆ ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ನನ್ನ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಆ ಮಗಳ ಕಷ್ಟ ಏನೆಂದು ನಾನು ಯಾವತ್ತೂ ವಿಚಾರಿಸಲಿಲ್ಲ. ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದೆ.

ತಮ್ಮ ನಿವೃತ್ತಿಯ ದಿನ ಅವರು ಮೊಬೈಲು ವಾಪಸ್ ಕೊಡಲು ಬಂದರು. ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡೆ. "ಬರ್ತೀನಮ್ಮ" ಎಂದರು. ನಾನು ತಲೆ ಎತ್ತಲಿಲ್ಲ.