ಅಪ್ಪನಿಗೆ ತಿಳಿದರೆ ಹೈಯರ್ ಪೇಪರ್

ಮಗಳ ಶಾಲೆಯಿಂದ ಫೋನು ಬಂದಾಗ ನಾನು ಬ್ರೆಡ್ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಕೂತು ಜೋಳದ ರೊಟ್ಟಿ ಮುರಿಯುತ್ತಿದ್ದೆ. (ಬ್ರೆಡ್ ಮಾಡುವವನು ಬ್ರೆಡ್ ತಿನ್ನುವುದಿಲ್ಲವೇ ಎಂದು ಕೇಳಬೇಡಿ. ದಿನವಿಡೀ ಅದರ ವಾಸನೆ ಕುಡಿದವನಿಗೆ ರೊಟ್ಟಿಯೇ ಬೇಕು.) ಮಾತಾಡಿದವರು ಕೆಮಿಸ್ಟ್ರಿ ಮೇಡಂ. ನಿಮ್ಮ ಮಗಳ ಟೆಸ್ಟ್ ಪೇಪರಿನ ಬಗ್ಗೆ ನನಗೆ ಸ್ವಲ್ಪ ಕನ್ಸರ್ನ್ ಇದೆ, ಒಮ್ಮೆ ಬಂದು ಹೋಗಲು ಸಾಧ್ಯವೇ ಅಂದರು.

ಇಷ್ಟು ವರ್ಷ ಈ ಇಂಗ್ಲಿಷರ ದೇಶದಲ್ಲಿ ದುಡಿದವನಿಗೆ ಇಷ್ಟಾದರೂ ಗೊತ್ತಾಗದೆ ಇರುತ್ತದೆಯೇ? ಇಲ್ಲಿ ಕನ್ಸರ್ನ್ ಅಂದರೆ ಬೈಗುಳ. ಮೆತ್ತಗೆ ಬೈಯುತ್ತಾರೆ, ಅಷ್ಟೇ.

ನನ್ನ ಮಗಳು ಶೈಲಾ ಧಾರವಾಡದ ಕನ್ನಡ ಶಾಲೆಯಲ್ಲಿ ಎಂಟನೆಯ ಇಯತ್ತೆ ಮುಗಿಸಿ ಗ್ರೀನ್‌ಫರ್ಡಿಗೆ ಬಂದವಳು. ಬಂದು ಎರಡು ವರ್ಷವೂ ತುಂಬಿಲ್ಲ. ಅವಳಿಗೆ ಫಾರ್ಮಸಿ ಓದುವ ಹಟ. ಅದಕ್ಕೆ ಮುಂದೆ ಎ-ಲೆವೆಲ್ (ನಮ್ಮ ಪಿಯುಸಿ ಇದ್ದಂತೆ) ಕೆಮಿಸ್ಟ್ರಿ ಬೇಕು. ಅದು ಸಿಗಬೇಕಾದರೆ ನಮ್ಮ ಎಸ್ಸೆಸ್ಸೆಲ್ಸಿಯಂಥ ಈ ವರ್ಷದ ಜಿಸಿಎಸ್‌ಇ ಪರೀಕ್ಷೆಯಲ್ಲಿ 'ಹೈಯರ್' ಪೇಪರ್ ಬರೆಯಬೇಕು. ಇನ್ನೊಂದು ಪೇಪರ್ ಇದೆ, 'ಫೌಂಡೇಷನ್' ಅಂತ. ಸುಲಭ. ಆದರೆ ಅದರಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ನಡುಮಟ್ಟದ ಗ್ರೇಡಿನ ಮೇಲೆ ಕೊಡುವುದಿಲ್ಲ. ಇಂಗ್ಲಿಷ್ ಹೊಸದಾಗಿ ಕಲಿಯುತ್ತಿರುವ ಮಕ್ಕಳನ್ನು ಸಾಮಾನ್ಯವಾಗಿ ಅತ್ತಲೇ ಕಳಿಸುತ್ತಾರೆ. ಶೈಲಾಳನ್ನು ಎತ್ತ ಕಳಿಸುವುದು ಎಂಬುದನ್ನು ಮೇಡಂ ಆ ವಾರವೇ ತೀರ್ಮಾನಿಸುವವರಿದ್ದರು. ಹಾಗಿರುವಾಗ ಈ ಫೋನು.

ಮರುದಿನ ಶಿಫ್ಟ್ ಮುಗಿಸಿ ಹೋದೆ. ಲ್ಯಾಬಿನಲ್ಲಿ ಎತ್ತರದ ಸ್ಟೂಲಿನ ಮೇಲೆ ಶೈಲಾ ತಲೆ ತಗ್ಗಿಸಿ ಕೂತಿದ್ದಳು. ಮೇಡಂ ಅವರ ಬಿಳಿ ಕೋಟಿನ ತೋಳಿಗೆ ಆಸಿಡ್ ಬಿದ್ದು ತೂತಾಗಿತ್ತು. ಅದನ್ನು ನೋಡಿ ನನಗೆ ಸ್ವಲ್ಪ ಧೈರ್ಯ ಬಂತು. ಮೈಮುರಿದು ಕೆಲಸ ಮಾಡುವವರ ಬಟ್ಟೆ ಹಾಗೇ ಇರುತ್ತದೆ.

ಮೇಡಂ ಉತ್ತರಪತ್ರಿಕೆಯನ್ನೂ ಪಠ್ಯಪುಸ್ತಕವನ್ನೂ ಅಕ್ಕಪಕ್ಕ ಇಟ್ಟರು. ಸಾಲಿಗೆ ಸಾಲು ಒಂದೇ. ಒಂದು ಕಡೆ ಮಗಳು 'ಕೆಳಗಿನ ಚಿತ್ರದಲ್ಲಿ ತೋರಿಸಿರುವಂತೆ' ಎಂದೂ ಇಂಗ್ಲಿಷಿನಲ್ಲಿ ಬರೆದಿದ್ದಳು. ಕೆಳಗೆ ಚಿತ್ರವೇ ಇರಲಿಲ್ಲ!

"ಚಿತ್ರ ಎಲ್ಲಿ?" ಅಂದರು ಮೇಡಂ.

ನನಗೆ ನಗು ಬಂತು. ಕಾಪಿ ಹೊಡೆದಿದ್ದಾಳೆ ಎಂಬ ಅನುಮಾನ! ನನ್ನ ಫ್ಯಾಕ್ಟರಿ ಇಂಗ್ಲಿಷಿನಲ್ಲೇ ಎದೆಯುಬ್ಬಿಸಿ ಹೇಳಿದೆ. "ಬೈಹಾರ್ಟ್, ಮೇಡಂ. ಯಾವ ಪೇಜ್ ಬೇಕು, ಕೇಳಿ."

ಅವರು ಮಧ್ಯದ ಒಂದು ಪುಟ ತೆಗೆದರು. ಶೈಲಾ ಶುರು ಮಾಡಿದಳು. ಪೂರ್ಣವಿರಾಮ ಬಂದಲ್ಲಿ ಉಸಿರು, ಅಲ್ಪವಿರಾಮಕ್ಕೆ ಅರ್ಧ ಉಸಿರು. ಮನೆಯಲ್ಲಿ ಪುಸ್ತಕ ಹಿಡಿದು ಒಪ್ಪಿಸಿಕೊಳ್ಳುವವನು ನಾನೇ. ಅರ್ಥವಾಗದಿದ್ದರೂ ಅಕ್ಷರಗಳ ಮೇಲೆ ಬೆರಳಿಟ್ಟು ಹೋಗುತ್ತೇನೆ, ಒಂದು ಮಾತು ತಪ್ಪಿದರೂ ಹಿಡಿಯುತ್ತೇನೆ. ಅವತ್ತು ಒಂದೂ ತಪ್ಪಲಿಲ್ಲ. ಮೇಡಂ ಅವರ ಬಾಯಿ ತೆರೆದುಕೊಂಡೇ ಇತ್ತು. ಅನುಮಾನ ಹೋಯಿತು. ಆದರೆ ತಲೆ ಮಾತ್ರ ಅಡ್ಡಡ್ಡ ಆಡಿತು.

"ಎಕ್ಸಾಮಿನಲ್ಲಿ ಪ್ರಶ್ನೆ ತಿರುಗಿಸಿ ಕೇಳುತ್ತಾರೆ. ಇವಳಿಗೆ ಅರ್ಥವಾಗಿದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು?"

ಶೈಲಾ ನನ್ನ ಕಡೆ ತಿರುಗಿ ಕನ್ನಡದಲ್ಲಿ ಗೊಣಗಿದಳು. "ಪುಸ್ತಕದ ಇಂಗ್ಲಿಷ್‌ನ್ಯಾಗ ತಪ್ಪು ಇರಂಗಿಲ್ಲಪ್ಪಾ. ನಂದು ಬರದ್ರ ಎಲ್ಲಾರೂ ನಗತಾರ."

ಏನಂದಳು ಎಂದು ಮೇಡಂ ಕೇಳಿದರು. ಹೇಳಿದೆ. ಅವರು ಪಠ್ಯಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ನನ್ನನ್ನು ದಿಟ್ಟಿಸಿ ಕೇಳಿದರು.

"ನೀವು ಕೆಮಿಸ್ಟ್ರಿ ಓದಿದ್ದೀರಾ?"

"ಇಲ್ಲ ಮೇಡಂ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ."

"ವೆರಿ ಗುಡ್," ಅಂದರು! ಏಳನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದಕ್ಕೆ ಇದುವರೆಗೆ ಯಾರಾದರೂ ವೆರಿ ಗುಡ್ ಅಂದಿದ್ದಾರೆಯೇ? "ಶೈಲಾ, ದಪ್ಪ ತುಂಡಿಗಿಂತ ಪುಡಿ ಯಾಕೆ ಬೇಗ ರಿಯಾಕ್ಟ್ ಆಗುತ್ತದೆ? ನಿಮ್ಮ ಭಾಷೆಯಲ್ಲಿ ಅಪ್ಪನಿಗೆ ಹೇಳು. ಅವರಿಗೆ ತಿಳಿದರೆ ನಿನಗೆ ಹೈಯರ್ ಪೇಪರ್."

ಶೈಲಾ ಕೈಕಟ್ಟಿ ನಿಂತಳು. "ಕ್ರಿಯಾಕಾರಿಗಳ ಮೇಲ್ಮೈ ವಿಸ್ತೀರ್ಣ ಹೆಚ್ಚಾದಂತೆಲ್ಲ ರಾಸಾಯನಿಕ ಕ್ರಿಯೆಯ ವೇಗವೂ ಹೆಚ್ಚಾಗುತ್ತದೆ."

ಶುದ್ಧ ಪಠ್ಯಪುಸ್ತಕ! ಭಾಷೆ ಬದಲಾಯಿತು, ಬಾಯಿಪಾಠ ಹಾಗೇ ಉಳಿಯಿತು.

"ತಿಳಿಯಿತೇ?" ಅಂದರು ಮೇಡಂ.

ಹೂಂ ಅಂದರೆ ಮುಗಿದೇ ಹೋಗುತ್ತಿತ್ತು. ಮಗಳ ಫಾರ್ಮಸಿ ನನ್ನ ಒಂದು ಹೂಂಗೆ ಕಾದು ನಿಂತಿತ್ತು. ಅಲ್ಲಿ ಕನ್ನಡ ಬಲ್ಲವರು ಬೇರೆ ಯಾರಿದ್ದರು? ಆದರೆ ಮೇಡಂ ನನ್ನನ್ನು ನಂಬಿ ಕೇಳಿದ್ದರು. ಅದೂ ಅಲ್ಲದೆ, ನಿಜವಾಗಿ ನನಗೆ ತಿಳಿದಿರಲಿಲ್ಲ.

"ನೋ, ಮೇಡಂ. ತಿಳೀಲಿಲ್ಲ."

"ಅಪ್ಪಾ! ಹೂಂ ಅನ್ನಪಾ!" ಮಗಳು ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ತಿಳೀದs ಹೆಂಗ ಅನ್ನಲಿ? ಮನ್ಯಾಗ ಮಾತಾಡಿದಂಗ ಹೇಳಬೇ ಯವ್ವಾ."

ಕಣ್ಣಲ್ಲಿ ನೀರು ತುಂಬಿಕೊಂಡಿತ್ತು ಹುಡುಗಿಗೆ. ಸಿಟ್ಟಿನ ನೀರು. ಆ ಸಿಟ್ಟಿನಲ್ಲೇ ಶುರು ಮಾಡಿದಳು.

"ಊರಾಗ ಆಯಿ ಒಲಿ ಹಚ್ಚಬೇಕಾದ್ರ ಇಡೀ ಕೊರಡು ತುರುಕತಾಳೇನು?"

ಆಯಿ ಅಂದರೆ ನನ್ನ ತಾಯಿ. "ಇಲ್ಲಬೇ. ಮೊದ್ಲ ಚಕ್ಕಿ ಇಡತಾಳ. ಲಗೂ ಹತ್ತತಾವ."

"ಯಾಕ ಲಗೂ ಹತ್ತತಾವ?"

"ಸಣ್ಣ ಇರತಾವಲ್ಲ, ಅದಕ್ಕ."

"ಕೊರಡಿಗೆ ಗಾಳಿ ಮ್ಯಾಲಿಂದ ಮ್ಯಾಲಷ್ಟ ತಾಗತೈತಪ್ಪಾ. ಒಳಗಿನ ಕಟಗಿಗೆ ಗಾಳೀನs ಇಲ್ಲ. ಸೀಳಿದ್ರ ಒಳಗಿಂದೂ ಹೊರಗ ಬರತೈತಿ. ಎಷ್ಟು ಸಣ್ಣಗ ಸೀಳತಿ, ಅಷ್ಟು ಗಾಳಿ ಬಂದು ಡಿಕ್ಕಿ ಹೊಡೀತೈತಿ. ಅಷ್ಟು ಜೋರ ಉರೀತೈತಿ. ಈಗರ ತಿಳೀತಿಲ್ಲೋ?"

ತಿಳಿಯಿತು. ಎಷ್ಟು ತಿಳಿಯಿತೆಂದರೆ ಕೂತಲ್ಲೇ ನನ್ನ ಫ್ಯಾಕ್ಟರಿ ಕಣ್ಣ ಮುಂದೆ ಬಂತು. ಹಿಟ್ಟಿನ ಕೋಣೆಯ ಬಾಗಿಲಲ್ಲಿ ಬೆಂಕಿಪೊಟ್ಟಣ, ಲೈಟರ್ ಎಲ್ಲ ಕಿತ್ತಿಟ್ಟುಕೊಳ್ಳುತ್ತಾರೆ. ಬ್ರೆಡ್ಡಿಗೆ ಸಿಗರೇಟಿನ ವಾಸನೆ ಹತ್ತೀತು ಅಂತ ಇರಬೇಕು ಅಂದುಕೊಂಡೇ ನಾನು ಇಷ್ಟು ವರ್ಷ ದುಡಿದಿದ್ದೆ.

"ಹಂಗಾದ್ರ ಹಿಟ್ಟು? ಗಾಳ್ಯಾಗ ಹಾರೋ ಹಿಟ್ಟಿಗೆ ಬೆಂಕಿ ತಾಗಿದ್ರ?"

ಶೈಲಾಳ ಕಣ್ಣುಗಳು ಅಗಲವಾದವು. "ಭಗ್ ಅಂತೈತಪ್ಪಾ! ಇಡೀ ಕೋಣಿ ಹಾರಿ ಹೋಗತೈತಿ!"

ಮೇಡಂಗೆ ತಡೆಯಲಾಗಲಿಲ್ಲ. "ಏನು ಕೇಳಿದರು? ಏನು ಕೇಳಿದರು?"

ಮಗಳು ತಿರುಗಿದಳು. ಮುಂದೆ ಪುಸ್ತಕ ಇರಲಿಲ್ಲ. ಈ ಪ್ರಶ್ನೆಗೆ ಅವಳು ಬಾಯಿಪಾಠ ಮಾಡಿದ ಯಾವ ಪುಟವೂ ಇರಲಿಲ್ಲ. ಮೊದಲ ಸಲ ಅವಳದೇ ಇಂಗ್ಲಿಷ್ ಹೊರಬಂತು. "ಮೈ ಡ್ಯಾಡ್ ಆಸ್ಕ್, ಫ್ಲೌರ್ ಇನ್ ದಿ ಏರ್, ವಿಲ್ ಇಟ್ ಬರ್ನ್? ಐ ಸೇ ವೆರಿ ಫಾಸ್ಟ್, ಮಿಸ್. ಬಿಕಾಸ್ ಸ್ಮಾಲ್ ಸ್ಮಾಲ್ ಪೀಸ್, ಆಲ್ ಸೈಡ್ ಏರ್."

ಮೇಡಂ ನಗಲಿಲ್ಲ. ತಿದ್ದಲೂ ಇಲ್ಲ. "ಎಕ್ಸಾಮಿನಲ್ಲಿ ಹೀಗೇ ಬರಿ," ಅಂದರು. "ಮಾರ್ಕ್ಸ್ ಕೊಡುವುದು ಇದಕ್ಕೆ." ಪೆನ್ನು ತೆಗೆದು ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ 'ಹೈಯರ್' ಎಂದು ಬರೆದರು. ನನ್ನ ಕಣ್ಣೆದುರೇ ಬರೆದರು.

ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಲಟ್ಟಣಿಗೆ ಕೈಯಲ್ಲಿ ಹಿಡಿದೇ ನಕ್ಕಳು. "ಚಲೋ ಆತ್ರಿ! ಏಳನೇತ್ತೆ ಕಲ್ತವರು ಕೆಮಿಸ್ಟ್ರಿ ಪರೀಕ್ಷಾ ತಗೊಂಡ್ರಂತ!"

ತಗೊಂಡೆ. ಏನೀಗ? ಈಗಲೂ ಮನೆಯಲ್ಲಿ ದಿನಾ ತಗೊಳ್ಳುತ್ತೇನೆ. ಬೆರಳಿಟ್ಟು ಒಪ್ಪಿಸಿಕೊಳ್ಳುವುದು ನಿಂತಿದೆ. ಮೊದಲು ನನಗೆ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳಬೇಕು, ಆಮೇಲೆ ಅವಳದೇ ಇಂಗ್ಲಿಷಿನಲ್ಲಿ ಬರೆಯಬೇಕು. ನಾನು ಬಹಳ ಕಟ್ಟುನಿಟ್ಟಿನ ಪರೀಕ್ಷಕ, ಸುಲಭಕ್ಕೆ ಪಾಸು ಮಾಡುವವನಲ್ಲ.

ಹೋದ ಭಾನುವಾರ ಹತ್ತಿರದ ಅಕ್ಸ್‌ಬ್ರಿಡ್ಜಿನಲ್ಲಿ ನಮ್ಮ ಕನ್ನಡದವರೆಲ್ಲ ಸೇರಿದ್ದೆವು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ವಚನ, ಶ್ಲೋಕ ಎಂದು ಏನೇನೋ ಒಪ್ಪಿಸಿಕೊಂಡದ್ದಾಯಿತು, ಚಪ್ಪಾಳೆ ತಟ್ಟಿದ್ದಾಯಿತು. ನಾನೊಬ್ಬನೇ ಕೈಯೆತ್ತಿ, ಆಗಷ್ಟೇ ಒಪ್ಪಿಸಿದ ಹುಡುಗಿಗೆ, "ನನಗೆ ತಿಳೀಲಿಲ್ಲ, ಇನ್ನೊಮ್ಮೆ ಹೇಳವಾ ಪುಟ್ಟಿ," ಅಂದೆ. ದೊಡ್ಡವರೆಲ್ಲ ನನ್ನನ್ನು ತಿರುಗಿ ನೋಡಿದರು. ಅವರಿಗೂ ತಿಳಿದಿರಲಿಲ್ಲ, ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಮಕ್ಕಳೆದುರು 'ತಿಳೀಲಿಲ್ಲ' ಅನ್ನಲು ನನಗೆ ಏಳನೆಯ ಇಯತ್ತೆ ಸಾಕಾಯಿತು. ಡಿಗ್ರಿ ಮಾಡಿಕೊಂಡು ಬಂದ ನೀವೆಲ್ಲ ಅದಕ್ಕೆ ಇನ್ನೆಷ್ಟು ಓದಬೇಕು?